ಬಿ.ಎಂ.ಶ್ರೀ: ರಮ್ಯ ಮತ್ತು ವಿಕ್ಟೋರಿಯನ್ ಆದರ್ಶಗಳ ನಡುವೆ

ಆಚಾರ್ಯ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷಿನ ರಮ್ಯ ಕಾವ್ಯವನ್ನು ಕನ್ನಡಕ್ಕೆ ತಂದು ನವೋದಯಕ್ಕೆ ಹಾದಿ ತೆರೆದರೆಂಬುದು ನಮ್ಮ ಸಾಹಿತ್ಯ ಚರಿತ್ರೆಗಳು ಒಮ್ಮತದಿಂದ ಹೇಳುವ ಮಾತು. ಆ ಮಾತು ಸುಳ್ಳಲ್ಲ, ಆದರೆ ಅರ್ಧದ್ದು. ಶ್ರೀಯವರ ಕೈಗೆ ಬಂದ ರಮ್ಯ ಕಾವ್ಯ ವಿಕ್ಟೋರಿಯನ್ ಅಭಿರುಚಿಯ ಜರಡಿಯಲ್ಲಿ ಸೋಸಿ ಬಂದದ್ದು. ಅವರ ಬರಹವನ್ನೂ ಬದುಕನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಈ ಅಂಶ ಸ್ಪಷ್ಟವಾಗುತ್ತದೆ.

ಶ್ರೀಯವರು 1884ರ ಜನವರಿ 3ರಂದು ತುಮಕೂರು ಜಿಲ್ಲೆ ತುರುವೇಕೆರೆ ತಾಲ್ಲೂಕಿನ ಸಂಪಿಗೆ ಗ್ರಾಮದಲ್ಲಿ ಜನಿಸಿದರು. ತಂದೆ ಮೈಲಾರಯ್ಯನವರು ವಕೀಲರು. ಮನೆತನದ ಊರು ಕುಣಿಗಲ್ ದಾಟಿ ಹಾಸನದ ಹಾದಿಯಲ್ಲಿ ಸಿಗುವ ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಅದೇ 1884ರಲ್ಲಿ ನೆರೆಯ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿಕೊಂಡಿತು. ಇದು ಕಾಕತಾಳೀಯ. ಆದರೂ ಒಂದು ಸಂಗತಿಯನ್ನು ನೆನಪಿಸುತ್ತದೆ: ಚಿತ್ರಿಸಿದ ಪರದೆ, ಚೌಕಟ್ಟಿನ ರಂಗ, ಬೆರಗು ಹುಟ್ಟಿಸುವ ದೃಶ್ಯಗಳ ಮೂಲಕ ವಿಕ್ಟೋರಿಯನ್ ರಂಗಭೂಮಿಯ ಅಭಿರುಚಿ ಪಾರ್ಸಿ ಕಂಪನಿಗಳನ್ನು ಹಾದು ಗುಬ್ಬಿಯಂಥ ಊರುಗಳಿಗೆ ತಲುಪಿತು. ಇಂಗ್ಲಿಷ್ ಭಾವಗೀತೆಯಾದರೋ ಕಾಲೇಜಿನ ತರಗತಿಯನ್ನು ಹಾದು ಬಂದಿತು. ಶ್ರೀಯವರು ಬಂದದ್ದು ಈ ಎರಡನೆಯ ದಾರಿಯಲ್ಲಿ.

ಬೆಂಗಳೂರಿನ ಸೆಂಟ್ರಲ್ ಕಾಲೇಜು ಮತ್ತು ಮದರಾಸಿನಲ್ಲಿ ವ್ಯಾಸಂಗ ಮುಗಿಸಿದ ಅವರು 1909ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡವು ತಲೆಯೆತ್ತುವ ಬಗೆಯನ್ನು ಕುರಿತು ಅವರು ಮಾಡಿದ ಭಾಷಣ ಪ್ರಸಿದ್ಧವಾಗಿದೆ. ಅದೇ ವರ್ಷ ಕರಾವಳಿಯಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಆದಿಪ್ರಾಸವನ್ನು ಕೈಬಿಟ್ಟಿದ್ದರು. ಆದ್ದರಿಂದ ಹೊಸ ಛಂದಸ್ಸಿನ ಕೀರ್ತಿಯನ್ನೆಲ್ಲ ಶ್ರೀಯವರೊಬ್ಬರಿಗೇ ಸಲ್ಲಿಸುವುದು ಉಚಿತವಲ್ಲ. ಅವರ ಹೆಚ್ಚುಗಾರಿಕೆ ಬೇರೆಡೆ ಇದೆ. ಮೂರು, ನಾಲ್ಕು, ಐದು ಮಾತ್ರೆಯ ಗಣಗಳನ್ನು ಬಗೆಬಗೆಯಾಗಿ ಹೊಂದಿಸಿ ಅವರು ಕಟ್ಟಿದ ಲಯ, ಕುಣಿಗಲ್ ಕೆರೆಯ ಹಾಡನ್ನು ಕೇಳಿ ಬೆಳೆದ ಸೀಮೆಯ ಕಿವಿಗೆ ಪರಕೀಯವೆನಿಸಲಿಲ್ಲ.

1926ರಲ್ಲಿ ಪುಸ್ತಕರೂಪದಲ್ಲಿ ಬಂದ ‘ಇಂಗ್ಲಿಷ್ ಗೀತಗಳು’ ಸಂಕಲನದ ಹಿಂದೆ ಪಾಲ್‌ಗ್ರೇವ್ ಸಂಪಾದಿಸಿದ ‘ಗೋಲ್ಡನ್ ಟ್ರೆಷರಿ’ ಇದೆ. 1861ರಲ್ಲಿ ಪ್ರಕಟವಾಗಿ ಟೆನಿಸನ್‌ಗೆ ಅರ್ಪಿತವಾದ ಆ ಗ್ರಂಥ ವಸಾಹತು ಕಾಲೇಜುಗಳಲ್ಲಿ ಕಾವ್ಯದ ಅಳತೆಗೋಲೇ ಆಗಿತ್ತು. ಅದರಲ್ಲಿ ವರ್ಡ್ಸ್‌ವರ್ತ್‌ಗೆ ಅಗ್ರಸ್ಥಾನ. ಬ್ಲೇಕ್‌ಗೆ ಮೊದಲ ಆವೃತ್ತಿಯಲ್ಲಿ ಸ್ಥಾನವೇ ಇಲ್ಲ. ರಮ್ಯರ ದರ್ಶನ ಮತ್ತು ಬಂಡಾಯ ಹಿಂದೆ ಸರಿದು, ಅವರ ಮಾಧುರ್ಯ ಮತ್ತು ಶೀಲ ಮುಂದೆ ಬಂದವು. ಕನ್ನಡದ ನವೋದಯ ಕಾವ್ಯದಲ್ಲಿ ಕಾಣುವ ಸೌಮ್ಯತೆಗೆ ಇದೂ ಒಂದು ಕಾರಣವೆಂದು ನನಗನಿಸುತ್ತದೆ.

ಶ್ರೀಯವರ ಸಂಕಲನದಲ್ಲಿ ನೀರಿನಲ್ಲಿ ಸಾಯುವ ಇಬ್ಬರು ಹೆಣ್ಣುಗಳಿದ್ದಾರೆ. ಎರಡು ಆದರ್ಶಗಳ ಅಂತರವನ್ನು ಅವರಲ್ಲೇ ಅಳೆಯಬಹುದು. ‘ಕಾರಿಹೆಗ್ಗಡೆಯ ಮಗಳು’ ರಮ್ಯಯುಗದ ಕ್ಯಾಂಪ್‌ಬೆಲ್‌ನ ಕವಿತೆಯ ರೂಪಾಂತರ. ಅಲ್ಲಿ ಹುಡುಗಿ ಒಲಿದವನೊಡನೆ ತಾನೇ ಹೊರಟವಳು. ಬಿರುಗಾಳಿಯ ನೀರು ಅವಳನ್ನು ನುಂಗುತ್ತದೆ, ದಡದಲ್ಲಿ ನಿಂತ ತಂದೆ ಕೋಪ ಮರೆತು ಗೋಳಿಡುತ್ತಾನೆ. ತಪ್ಪು ಹೆಣ್ಣಿನದಲ್ಲ, ಹಟದ್ದು. ‘ದುಃಖಸೇತು’ 1844ರಲ್ಲಿ ಥಾಮಸ್ ಹುಡ್ ಬರೆದ ಕವಿತೆಯ ಅನುವಾದ. ಅಲ್ಲಿನ ಹೆಣ್ಣಿಗೆ ಹೆಸರಿಲ್ಲ, ಮನೆಯಿಲ್ಲ. ಮಹಾನಗರದ ಸೇತುವೆಯಿಂದ ಹಾರಿದ ಶವ ಮಾತ್ರ ಇದೆ. ಕವಿ ನಗರದ ನಿಷ್ಕರುಣೆಯನ್ನು ದೂರುತ್ತಾನೆ. ಅವಳ ಪಾಪವನ್ನು ಕ್ಷಮಿಸಬೇಕೆನ್ನುವಾಗ ಅದು ಪಾಪವೆಂದು ಒಪ್ಪಿಯೇ ಕ್ಷಮಿಸುತ್ತಾನೆ. ಇದೇ ವಿಷಯವನ್ನು ಚಿತ್ರಕಾರ ವಾಟ್ಸ್ 1850ರ ಸುಮಾರಿಗೆ ಸೇತುವೆಯ ಕಮಾನಿನಡಿ ಬಿದ್ದ ಹೆಣ್ಣಾಗಿ ಚಿತ್ರಿಸಿದ. ರಮ್ಯ ಕಲೆಗೆ ನೀರು ಪ್ರಕೃತಿಯ ಶಕ್ತಿ. ವಿಕ್ಟೋರಿಯನ್ ಕಲೆಗೆ ಅದು ಸಮಾಜದ ಸಾಕ್ಷಿ. ಹೆಣ್ಣು ಕೆರೆಬಾವಿ ಪಾಲಾಗುವುದನ್ನು ಚೆನ್ನಾಗಿ ಬಲ್ಲ ನಾಡಿನಲ್ಲಿ ಮೊದಲ ಕವಿತೆ ಹೆಗ್ಗಡೆಯ ಮನೆಯ ಕಥೆಯಾಗಿ ಊರಿಗಿಳಿಯಿತು. ಎರಡನೆಯದರ ಹೆಸರು ಸಂಸ್ಕೃತ ಸಮಾಸವಾಗಿಯೇ ಉಳಿಯಿತು. ನಮಗೆ ಹೆಚ್ಚು ಹತ್ತಿರವಾಗಬೇಕಿದ್ದುದು ಆ ಎರಡನೆಯದೇ ಅಲ್ಲವೇ?

ಪುಸ್ತಕ ಬಂದ 1926ರಲ್ಲೇ ಅವರು ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆದರು. ಮರುವರ್ಷ ಅಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತು. 1928ರಲ್ಲಿ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, ಮುಂದೆ ಸಾಹಿತ್ಯ ಪರಿಷತ್ತಿನ ಹೊಣೆ, ಮಹಾರಾಜರಿಂದ ‘ರಾಜಸೇವಾಸಕ್ತ’ ಬಿರುದು. ಕರ್ತವ್ಯವನ್ನು ಕಾವ್ಯಕ್ಕಿಂತ ಮೇಲಿಟ್ಟ ಈ ಜೀವನಕ್ರಮ ಶೆಲ್ಲಿಯದಲ್ಲ, ಶಾಲಾ ತನಿಖೆಯ ಹುದ್ದೆಯಲ್ಲಿ ದುಡಿದ ಮ್ಯಾಥ್ಯೂ ಆರ್ನಲ್ಡ್‌ನದು. ಆರ್ನಲ್ಡ್‌ನಂತೆಯೇ ಅವರೂ ಗ್ರೀಕರತ್ತ ತಿರುಗಿದರು. ರನ್ನನ ಕಾವ್ಯದಿಂದ ‘ಗದಾಯುದ್ಧ ನಾಟಕ’ವನ್ನು ರೂಪಿಸಿ, ಸೋಫೊಕ್ಲಿಸ್‌ನ ಏಜಾಕ್ಸನನ್ನು ‘ಅಶ್ವತ್ಥಾಮನ್’ (1929) ಆಗಿಸಿ, ಈಸ್ಕಿಲಸ್‌ನಿಂದ ‘ಪಾರಸಿಕರು’ (1935) ತಂದರು. ಸುಖಾಂತ್ಯಕ್ಕೆ ಒಗ್ಗಿದ್ದ ಪ್ರೇಕ್ಷಕನೆದುರು ವೀರನ ಪತನವನ್ನು ನಿಲ್ಲಿಸಿದ್ದು ಅವರ ದೊಡ್ಡ ಸಾಹಸ. ಸ್ವಂತ ಕವಿತೆಗಳ ‘ಹೊಂಗನಸುಗಳು’ ಬರಲು 1943 ಆಗಬೇಕಾಯಿತು. ಇದನ್ನು ನಷ್ಟವೆಂದೇ ನಾನು ಭಾವಿಸುತ್ತೇನೆ. ಆದರೆ ಅವರು ಕಟ್ಟಿಕೊಟ್ಟ ತರಗತಿಯಿಲ್ಲದೆ ನನ್ನಂಥವರು ಈ ಮಾತನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಅವರ ಅನುವಾದಗಳಲ್ಲಿ ಜನರು ಎದೆಗೊತ್ತಿಕೊಂಡದ್ದು ನ್ಯೂಮನ್‌ನ ಪ್ರಾರ್ಥನಾಗೀತೆಯನ್ನು. 1833ರಲ್ಲಿ, ಕಾಯಿಲೆಯಿಂದ ಚೇತರಿಸಿಕೊಂಡು ಊರಿಗೆ ಮರಳುವ ಹಡಗಿನಲ್ಲಿ ಹುಟ್ಟಿದ ಗೀತೆಯದು. ವಿಕ್ಟೋರಿಯಾ ಪಟ್ಟವೇರಲು ಇನ್ನೂ ನಾಲ್ಕು ವರ್ಷಗಳಿದ್ದವು. ದೂರದ ನೋಟವನ್ನು ಬೇಡದೆ ಮುಂದಿನ ಒಂದು ಹೆಜ್ಜೆಗೆ ಬೇಕಾದಷ್ಟು ಬೆಳಕನ್ನು ಮಾತ್ರ ಕೇಳುವ ಆ ವಿನಯ ರಮ್ಯರ ಸ್ವಭಾವವಲ್ಲ.

ನಿವೃತ್ತಿಯ ನಂತರವೂ ಶ್ರೀಯವರು ವಿಶ್ರಾಂತಿ ಬಯಸಲಿಲ್ಲ. ಧಾರವಾಡದಲ್ಲಿ ಕೆ.ಇ. ಬೋರ್ಡಿನ ಕಲಾ ಕಾಲೇಜಿನ ಪ್ರಾಂಶುಪಾಲರಾದರು. 1911ರಲ್ಲಿ ಕನ್ನಡದ ಪರವಾಗಿ ಮಾತನಾಡಿದ ಆ ಊರಿನಲ್ಲಿಯೇ, 1946ರ ಜನವರಿ 5ರಂದು, ಅರವತ್ತೆರಡು ತುಂಬಿದ ಎರಡು ದಿನಗಳಿಗೆ ನಿಧನರಾದರು.