ಕಾಲರಾ ನಂಜನ್ನು ಪತ್ತೆ ಹಚ್ಚಿದ ಡಾ. ಶಂಭುನಾಥ ಡೇ (1915–1985)

ಕಾಲರಾ ರೋಗದ ಬಗ್ಗೆ ಸಾರ್ವಜನಿಕರಲ್ಲಿ ತಿಳಿವಳಿಕೆ ಮೂಡಿಸುವ ಸಲುವಾಗಿ, ಭಾರತೀಯ ವೈದ್ಯವಿಜ್ಞಾನಿ ಡಾ. ಶಂಭುನಾಥ ಡೇ ಅವರ ಜೀವನ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಶ್ರೀಯುತರು 1915ರ ಫೆಬ್ರವರಿ 1ರಂದು ಬಂಗಾಳದ ಹೂಗ್ಲಿ ಜಿಲ್ಲೆಯಲ್ಲಿ ಜನಿಸಿದರು. ವಿದ್ಯಾರ್ಥಿವೇತನದ ನೆರವಿನಿಂದ ಓದಿ, 1939ರಲ್ಲಿ ಕಲ್ಕತ್ತಾ ವೈದ್ಯಕೀಯ ಕಾಲೇಜಿನಿಂದ ವೈದ್ಯ ಪದವಿಯನ್ನೂ, 1949ರಲ್ಲಿ ಲಂಡನ್ನಿನಲ್ಲಿ ಪಿಎಚ್.ಡಿ. ಪದವಿಯನ್ನೂ ಪಡೆದರು.

ರಾಬರ್ಟ್ ಕಾಕ್ ಅವರು 1884ರಲ್ಲಿ ಕಲ್ಕತ್ತಾದಲ್ಲಿಯೇ ಕಾಲರಾ ರೋಗಾಣುವನ್ನು ಗುರುತಿಸಿದ್ದರು. ಆದರೆ ಅದು ರೋಗಿಯನ್ನು ಕೊಲ್ಲುವ ಬಗೆ ಸ್ಪಷ್ಟವಾಗಿರಲಿಲ್ಲ. ರೋಗಾಣು ಸತ್ತ ನಂತರ ಅದರ ಒಡಲಿನಿಂದ ನಂಜು ಹೊರಬಂದು ರಕ್ತಕ್ಕೆ ಸೇರುತ್ತದೆಂದು ಹಲವರು ಭಾವಿಸಿದ್ದರು. ಡಾ. ಡೇ ಅವರು ರಕ್ತವನ್ನು ಬಿಟ್ಟು ಕರುಳಿನತ್ತ ಗಮನ ಹರಿಸಿದರು. ಮೊಲದ ಸಣ್ಣ ಕರುಳಿನ ಒಂದು ಭಾಗವನ್ನು ಎರಡೂ ತುದಿಗಳಲ್ಲಿ ದಾರದಿಂದ ಕಟ್ಟಿ, ಅದರೊಳಗೆ ರೋಗಾಣುಗಳನ್ನು ಸೇರಿಸಿದಾಗ ಆ ಭಾಗವು ನೀರಿನಿಂದ ಉಬ್ಬಿತು. ಈ ವಿಧಾನವನ್ನು 1953ರಲ್ಲಿ ಪ್ರಕಟಿಸಲಾಯಿತು. ತರುವಾಯ, ರೋಗಾಣುಗಳನ್ನು ಸೋಸಿ ತೆಗೆದ ದ್ರವವೊಂದೇ ಇದೇ ಪರಿಣಾಮವನ್ನು ಉಂಟುಮಾಡುತ್ತದೆಂದು 1959ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಇದರಿಂದ, ರೋಗಾಣುವು ನಂಜನ್ನು ಹೊರಗೆ ಸ್ರವಿಸುತ್ತದೆ ಎಂಬುದು ಸಿದ್ಧವಾಯಿತು.

ಈ ನಂಜು ರೋಗಾಣುವಿನ ಬಾಳಿಗೆ ಉಪಯುಕ್ತವಾದುದಾಗಿದೆ. ನಂಜಿನ ಪ್ರಭಾವದಿಂದ ಕರುಳಿನ ಜೀವಕೋಶಗಳು ಲವಣ ಮತ್ತು ನೀರನ್ನು ಎಡೆಬಿಡದೆ ಹೊರಸೂಸುತ್ತವೆ. ಭೇದಿಯೊಡನೆ ಅಸಂಖ್ಯ ರೋಗಾಣುಗಳು ಹೊರಬಂದು ಕೆರೆ, ಬಾವಿಗಳನ್ನು ಸೇರಿ ಮತ್ತೊಬ್ಬರನ್ನು ತಲುಪುತ್ತವೆ. ಹೀಗೆ ಮನುಷ್ಯನಿಗೆ ಪ್ರಾಣಾಂತಿಕವಾದುದೇ ರೋಗಾಣುವಿಗೆ ಹರಡುವ ಮಾರ್ಗವಾಗಿರುತ್ತದೆ.

ಈ ನಂಜು ಕರುಳಿನ ಒಳಪದರವನ್ನು ನಾಶಪಡಿಸುವುದಿಲ್ಲ. ಆದುದರಿಂದ ಸಕ್ಕರೆ ಮತ್ತು ಉಪ್ಪು ಬೆರೆತ ನೀರನ್ನು ಕರುಳು ಹೀರಿಕೊಳ್ಳಬಲ್ಲದು. ಓ.ಆರ್.ಎಸ್. ದ್ರಾವಣವು ಜೀವ ಉಳಿಸುವುದು ಇದೇ ಕಾರಣದಿಂದ.

ಡಾ. ಡೇ ಅವರು 1973ರಲ್ಲಿ ಸೇವೆಯಿಂದ ನಿವೃತ್ತರಾಗಿ, 1985ರ ಏಪ್ರಿಲ್ 15ರಂದು ನಿಧನರಾದರು. 1978ರಲ್ಲಿ ಕಾಲರಾ ಕುರಿತ ನೊಬೆಲ್ ವಿಚಾರಗೋಷ್ಠಿಗೆ ಆಹ್ವಾನಿತರಾಗಿದ್ದರೂ, ಜೀವಿತಾವಧಿಯಲ್ಲಿ ಸ್ವದೇಶದ ಯಾವುದೇ ಪ್ರಮುಖ ಪ್ರಶಸ್ತಿ ಅವರಿಗೆ ದೊರೆಯಲಿಲ್ಲ. ಬೆಂಗಳೂರಿನಿಂದ ಪ್ರಕಟವಾಗುವ 'ಕರೆಂಟ್ ಸೈನ್ಸ್' ಪತ್ರಿಕೆಯು 1990ರಲ್ಲಿ ಅವರ ಕುರಿತು ವಿಶೇಷ ಸಂಚಿಕೆಯನ್ನು ಹೊರತಂದಿತು.

ಸಾರ್ವಜನಿಕರು ನೀರನ್ನು ಕುದಿಸಿ ಆರಿಸಿ ಕುಡಿಯುವುದು. ವಾಂತಿಭೇದಿ ಕಂಡುಬಂದಲ್ಲಿ ಕೂಡಲೇ ಓ.ಆರ್.ಎಸ್. ದ್ರಾವಣ ನೀಡಲು ಆರಂಭಿಸಿ, ವಿಳಂಬ ಮಾಡದೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಲು ಕೋರಲಾಗಿದೆ.