ದೀನರ ಪಕ್ಷದ ನ್ಯಾಯವಾದಿ

ಆಪಾದಿತನನ್ನು ದಂಡಿಸಲೆಂದು ವಕೀಲನನ್ನಿಟ್ಟು ವೇತನ ಕೊಡುವ ಸರಕಾರವು ಆತನ ರಕ್ಷಣೆಗೂ ಒಬ್ಬನನ್ನು ಇಡಬೇಡವೆ? 1893ರಲ್ಲಿ ಷಿಕಾಗೋ ವಿಶ್ವಪ್ರದರ್ಶನದ ನ್ಯಾಯವೇತ್ತರ ಸಭೆಯಲ್ಲಿ ಈ ಪ್ರಶ್ನೆಯನ್ನೆತ್ತಿದವರು ಶ್ರೀಮತಿ ಕ್ಲಾರಾ ಫೋಲ್ಟ್ಸ್. ಐವರು ಮಕ್ಕಳ ತಾಯಿಯಾದ ಇವರು, ಬಿಳಿಯ ಪುರುಷರಿಗೆ ಮಾತ್ರ ವಕೀಲಿಯ ಸನ್ನದನ್ನು ಕೊಡುತ್ತಿದ್ದ ಕ್ಯಾಲಿಫೋರ್ನಿಯದ ಕಾನೂನನ್ನೇ ತಿದ್ದಿಸಿ, 1878ರಲ್ಲಿ ಆ ಪ್ರಾಂತದ ಪ್ರಥಮ ಮಹಿಳಾ ನ್ಯಾಯವಾದಿಯಾದರು. ಬಡ ಕೈದಿಗೆ ನ್ಯಾಯಾಲಯವು ಅಲ್ಲಿ ಗೊತ್ತುಮಾಡುತ್ತಿದ್ದ ವಕೀಲನಿಗೆ ಬಿಡಿಗಾಸೂ ದೊರೆಯುತ್ತಿರಲಿಲ್ಲ. ಸಿದ್ಧತೆಯಿಲ್ಲದೆ ಎದ್ದುನಿಂತವನ ವಾದವು ಎಂತಿದ್ದೀತೆಂಬುದನ್ನು ಕೋರ್ಟಿನ ಜಗಲಿ ತುಳಿದ ನಮ್ಮ ವಾಚಕರಿಗೆ ನಾವು ಹೇಳಬೇಕಾಗಿಲ್ಲ. 1914ರಲ್ಲಿ ಲಾಸ್ ಏಂಜಲೀಸಿನಲ್ಲಿ ಅಮೆರಿಕದ ಪ್ರಥಮ ಸರಕಾರಿ ರಕ್ಷಣಾ ವಕೀಲರ ಕಚೇರಿ ತೆರೆಯಿತು. ವಿಚಿತ್ರವೆಂದರೆ, ಅದೇ ಊರಿನಲ್ಲಿ ಆರೋಪಪಕ್ಷದ ಸಹಾಯಕ ವಕೀಲರಾಗಿ 1910ರಲ್ಲಿಯೇ ಅವರು ನೇಮಕಗೊಂಡಿದ್ದರು! ಪ್ರಾಂತಕ್ಕೆಲ್ಲ ಅನ್ವಯಿಸುವ ಕಾಯಿದೆ ಬಂದುದು 1921ರಲ್ಲಿ. ಅದನ್ನು ಕಂಡ ಬಳಿಕವೇ, 1934ರಲ್ಲಿ, ಅವರು ಕಣ್ಮುಚ್ಚಿದರು.