ಟಪಾಲು ಚೀಲ ಹೊತ್ತು ಹಾರಿದವರು

ಡಿಸೆಂಬರ್ 7 ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ದಿನ. 1944ರಲ್ಲಿ ಇದೇ ದಿನ ಅಮೆರಿಕದ ಶಿಕಾಗೋ ನಗರದಲ್ಲಿ ಹಲವು ದೇಶಗಳವರು ಸೇರಿ ನಾಗರಿಕ ವಿಮಾನಯಾನದ ಒಪ್ಪಂದಕ್ಕೆ ಸಹಿ ಹಾಕಿದರು. ಆ ದಿನದ ನೆನಪಿಗೆ ನಮ್ಮ ಭೌತಶಾಸ್ತ್ರದ ಸರ್ ಒಬ್ಬೊಬ್ಬರಿಗೆ ಒಬ್ಬ ಸಾಧಕರ ಬಗ್ಗೆ ಬರೆದು ತರಲು ಹೇಳಿದರು. ಹೊಳಲ್ಕೆರೆಯಿಂದ ಬರುವ ಗೆಳತಿ ರೈಟ್ ಸಹೋದರರನ್ನು ತೆಗೆದುಕೊಂಡಳು. ಹೊಸದುರ್ಗದವಳು ಕಲ್ಪನಾ ಚಾವ್ಲಾ ಅವರನ್ನು ಆರಿಸಿದಳು. ನಾನು ಜೆ.ಆರ್.ಡಿ. ಟಾಟಾ ಅವರ ಹೆಸರು ಕೊಟ್ಟೆ. ಅದಕ್ಕೆ ಕಾರಣ ಹಿರಿಯೂರಿನ ನಮ್ಮ ಮನೆಯಲ್ಲಿರುವ ಒಂದು ತಗಡಿನ ಪೆಟ್ಟಿಗೆ.

ಆ ಪೆಟ್ಟಿಗೆ ದಾದಿಯದು. ಅದರಲ್ಲಿ ಅಂಚಿಗೆ ಕೆಂಪು ನೀಲಿ ಪಟ್ಟಿ ಇರುವ ಏರ್‌ಮೇಲ್ ಕವರ್‌ಗಳಿವೆ. ನಮ್ಮ ದಾದಾ 1980ರ ದಶಕದಲ್ಲಿ ಸೌದಿಯಲ್ಲಿ ಲಾರಿ ಓಡಿಸುತ್ತಿದ್ದರು. ಅಲ್ಲಿಂದ ಬರೆದ ಕಾಗದಗಳು ಅವು. ಎಷ್ಟು ಸಲ ಬಿಚ್ಚಿ ಮಡಚಿದ್ದಾರೋ, ಮಡಿಕೆಗಳೆಲ್ಲ ಹರಿದಿವೆ. ಆ ಕಾಗದಗಳು ವಿಮಾನದಲ್ಲಿ ಬಂದವು ಎಂದು ಗೊತ್ತಿತ್ತು. ಆದರೆ ನಮ್ಮ ದೇಶದಲ್ಲಿ ವಿಮಾನ ಸೇವೆ ಶುರುವಾದದ್ದೇ ಜನರನ್ನು ಕರೆದೊಯ್ಯಲು ಅಲ್ಲ, ಕಾಗದ ಹೊರಲು ಎಂಬುದು ಈ ಲೇಖನಕ್ಕಾಗಿ ಓದುವವರೆಗೆ ನನಗೆ ತಿಳಿದಿರಲಿಲ್ಲ. ಆ ಮೊದಲ ದಾರಿ ನಮ್ಮ ಪಕ್ಕದ ಬಳ್ಳಾರಿಯ ಮೇಲೆ ಹಾದುಹೋಗಿತ್ತು ಎಂಬುದಂತೂ ಗೊತ್ತೇ ಇರಲಿಲ್ಲ.

ಜೆಹಾಂಗೀರ್ ರತನ್‌ಜಿ ದಾದಾಭಾಯ್ ಟಾಟಾ ಹುಟ್ಟಿದ್ದು 1904ರ ಜುಲೈ 29ರಂದು, ಪ್ಯಾರಿಸ್ಸಿನಲ್ಲಿ. ತಂದೆ ಮುಂಬೈನ ಪಾರ್ಸಿ, ತಾಯಿ ಫ್ರೆಂಚ್ ಮಹಿಳೆ. ಬಾಲ್ಯದ ಬೇಸಿಗೆ ರಜೆಗಳು ಫ್ರಾನ್ಸಿನ ಉತ್ತರ ಕರಾವಳಿಯ ಹಾರ್ಡೆಲೋ ಎಂಬ ಊರಿನಲ್ಲಿ ಕಳೆಯುತ್ತಿದ್ದವು. 1909ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ವಿಮಾನದಲ್ಲಿ ಮೊದಲು ದಾಟಿದ ಲೂಯಿ ಬ್ಲೇರಿಯೋ ಅವರ ಮನೆಯೂ ಅದೇ ಊರಿನಲ್ಲಿತ್ತು. ಸಮುದ್ರದ ಮರಳಿನ ಮೇಲೆ ವಿಮಾನ ಬಂದು ಇಳಿಯುವುದನ್ನು ನೋಡುತ್ತಾ ಬೆಳೆದ ಹುಡುಗ, ಹದಿನೈದರ ಹೊತ್ತಿಗೆ ಒಮ್ಮೆ ಅದರಲ್ಲಿ ಕುಳಿತೂ ಬಂದ. ಮುಂದೆ ಏನಾಗಬೇಕು ಎಂಬುದು ಆಗಲೇ ಮನಸ್ಸಿನಲ್ಲಿ ಕೂತಿರಬೇಕು. ತಾಯಿ ಬೇಗ ತೀರಿಕೊಂಡರು. 1925ರಲ್ಲಿ ಭಾರತಕ್ಕೆ ಬಂದು ಟಾಟಾ ಸಂಸ್ಥೆಯಲ್ಲಿ ಸಂಬಳವಿಲ್ಲದ ಕಲಿಕೆಯವರಾಗಿ ಸೇರಿದರು. ಮರುವರ್ಷ ತಂದೆಯೂ ಹೋದರು. 1929ರ ಫೆಬ್ರವರಿ 10ರಂದು ಅವರಿಗೆ ವಿಮಾನ ಹಾರಿಸುವ ಪರವಾನಗಿ ಸಿಕ್ಕಿತು. ಭಾರತದಲ್ಲಿ ಕೊಟ್ಟ ಅಂಥ ಪರವಾನಗಿಗಳಲ್ಲಿ ಅದರ ಸಂಖ್ಯೆ 1.

ಅವರ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಘಟನೆ ನಡೆದದ್ದು 1930ರಲ್ಲಿ. ಅದರಲ್ಲಿ ಅವರು ಸೋತರು. ಇಂಗ್ಲೆಂಡ್ ಮತ್ತು ಭಾರತದ ನಡುವೆ ಒಂಟಿಯಾಗಿ ವಿಮಾನ ಹಾರಿಸುವ ಮೊದಲ ಭಾರತೀಯನಿಗೆ 500 ಪೌಂಡ್ ಬಹುಮಾನ ಕೊಡುವುದಾಗಿ ಆಗಾ ಖಾನ್ ಅವರು ಘೋಷಿಸಿದ್ದರು. ಕಣದಲ್ಲಿ ಮೂವರಿದ್ದರು. ಜೆ.ಆರ್.ಡಿ. ಕರಾಚಿಯಿಂದ ಇಂಗ್ಲೆಂಡಿನ ಕಡೆಗೆ ಹೊರಟರು. ಆಸ್ಪಿ ಇಂಜಿನಿಯರ್ ಎಂಬ ಹುಡುಗ ಇಂಗ್ಲೆಂಡಿನಿಂದ ಕರಾಚಿಯ ಕಡೆಗೆ ಬರುತ್ತಿದ್ದ. ಹುಡುಗ ಎಂದೆ, ಏಕೆಂದರೆ ಅವನಿಗೆ ಆಗ ಹದಿನೇಳು ವರ್ಷ. ನಮ್ಮ ಬೆಂಚಿನಲ್ಲಿ ಕೂರಬೇಕಾದ ವಯಸ್ಸು. ಇಬ್ಬರೂ ಈಜಿಪ್ಟಿನ ಅಬೂಕಿರ್ ಎಂಬಲ್ಲಿ ಎದುರಾದರು. ಆಸ್ಪಿಯ ವಿಮಾನದ ಸ್ಪಾರ್ಕ್ ಪ್ಲಗ್ ಕೈಕೊಟ್ಟು ಅವನು ಅಲ್ಲೇ ಸಿಕ್ಕಿಬಿದ್ದಿದ್ದ. ಜೆ.ಆರ್.ಡಿ. ಬಳಿ ಹೆಚ್ಚುವರಿ ಪ್ಲಗ್‌ಗಳಿದ್ದವು. ತೆಗೆದುಕೊಟ್ಟರು. ಆಸ್ಪಿ ಹಾರಿದ, ಕೆಲವೇ ಗಂಟೆಗಳ ಅಂತರದಲ್ಲಿ ಗೆದ್ದ. ಸೋತವರು ಗೆದ್ದವನನ್ನು ಮನಸಾರೆ ಅಭಿನಂದಿಸಿದರು.

ಇದನ್ನು ತರಗತಿಯಲ್ಲಿ ಹೇಳಿದಾಗ ಅರ್ಧ ಜನ ನಕ್ಕರು. ಸ್ಪರ್ಧೆಯಲ್ಲಿ ಎದುರಾಳಿಗೆ ಯಾರಾದರೂ ಪ್ಲಗ್ ಕೊಡುತ್ತಾರೆಯೇ ಎಂಬುದು ಅವರ ವಾದ. ನೀಟ್, ಸಿಇಟಿ ತಯಾರಿಯ ಈ ದಿನಗಳಲ್ಲಿ ನೋಟ್ಸ್ ಕೊಡುವುದಕ್ಕೂ ನಾವು ಹಿಂದೆ ಮುಂದೆ ನೋಡುತ್ತೇವೆ, ನಾನೂ ಸೇರಿ. ಆಸ್ಪಿ ಮುಂದೆ ವಾಯುಪಡೆ ಸೇರಿ, ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯನ್ನೂ ನಡೆಸಿ, 1960ರಲ್ಲಿ ಭಾರತೀಯ ವಾಯುಪಡೆಯ ಮುಖ್ಯಸ್ಥರಾದರು.

ಇನ್ನು ಟಪಾಲಿನ ವಿಷಯ. ಆ ಕಾಲಕ್ಕೆ ಲಂಡನ್ನಿನಿಂದ ಬರುವ ಅಂಚೆ ಇಂಪೀರಿಯಲ್ ಏರ್‌ವೇಸ್ ವಿಮಾನದಲ್ಲಿ ಕರಾಚಿಗೆ ಬರುತ್ತಿತ್ತು. ಅಲ್ಲಿಂದ ದಕ್ಷಿಣಕ್ಕೆ ರೈಲೇ ಗತಿ. ಬ್ರಿಟಿಷ್ ವಾಯುಪಡೆಯಲ್ಲಿದ್ದು ಬಂದಿದ್ದ ನೆವಿಲ್ ವಿನ್ಸೆಂಟ್ ಎಂಬ ಪೈಲಟ್, ಕರಾಚಿಯಿಂದ ಮುಂಬೈ ಮೂಲಕ ಮದ್ರಾಸಿಗೆ ಅಂಚೆಯನ್ನು ವಿಮಾನದಲ್ಲೇ ಸಾಗಿಸುವ ಯೋಜನೆ ಹಿಡಿದುಕೊಂಡು ಜೆ.ಆರ್.ಡಿ. ಹತ್ತಿರ ಬಂದರು. ಸಂಸ್ಥೆಯ ಹಿರಿಯರಾದ ಸರ್ ದೊರಾಬ್‌ಜಿ ಟಾಟಾ ಅವರನ್ನು ಒಪ್ಪಿಸಿ 2 ಲಕ್ಷ ರೂಪಾಯಿ ಬಂಡವಾಳ ತೆಗೆಸಿದ್ದಾಯಿತು. ಸರ್ಕಾರವನ್ನು ಒಪ್ಪಿಸಲು ಮೂರು ವರ್ಷ ಹಿಡಿಯಿತು. ಒಪ್ಪಂದ ಆಗುವ ಹೊತ್ತಿಗೆ 1932 ಬಂದಿತ್ತು. ದೊರಾಬ್‌ಜಿ ಅದೇ ವರ್ಷ ಜೂನ್‌ನಲ್ಲಿ ತೀರಿಕೊಂಡರು, ಮೊದಲ ವಿಮಾನ ಏಳುವುದನ್ನು ಅವರು ನೋಡಲಿಲ್ಲ.

1932ರ ಅಕ್ಟೋಬರ್ 15, ಶನಿವಾರ. ಬೆಳಿಗ್ಗೆ ಆರೂವರೆ ದಾಟುತ್ತಿದ್ದಂತೆ ಕರಾಚಿಯ ಡ್ರಿಗ್ ರೋಡ್ ಮೈದಾನದಿಂದ ಜೆ.ಆರ್.ಡಿ. ಒಬ್ಬರೇ ಹೊರಟರು. ಪುಸ್ ಮಾತ್ ಎಂಬ ಒಂದೇ ಇಂಜಿನ್ನಿನ ಪುಟ್ಟ ವಿಮಾನ, ಒಳಗೆ ಸುಮಾರು 25 ಕಿಲೋ ಟಪಾಲು. ರೇಡಿಯೋ ಇಲ್ಲ, ದಾರಿ ತೋರಿಸುವ ಯಾವ ಉಪಕರಣವೂ ಇಲ್ಲ. ಕೆಳಗಿನ ನೆಲ ನೋಡಿಕೊಂಡೇ ಹೋಗಬೇಕು. ಅಹಮದಾಬಾದಿನಲ್ಲಿ ಇಳಿದಾಗ ಪೆಟ್ರೋಲ್ ಡಬ್ಬಗಳು ಎತ್ತಿನ ಗಾಡಿಯಲ್ಲಿ ಬಂದವು. ಮಧ್ಯಾಹ್ನ ಎರಡರ ಸುಮಾರಿಗೆ ಮುಂಬೈನ ಜುಹು ಮೈದಾನ. ಅಲ್ಲಿಂದ ವಿನ್ಸೆಂಟ್ ಟಪಾಲು ತೆಗೆದುಕೊಂಡು ಇನ್ನೊಂದು ಪುಸ್ ಮಾತ್‌ನಲ್ಲಿ ಬಳ್ಳಾರಿಗೆ ಬಂದರು. ರಾತ್ರಿ ಅಲ್ಲಿ ಉಳಿದು ಮರುದಿನ ಮದ್ರಾಸ್ ಮುಟ್ಟಿದರು.

ಬಳ್ಳಾರಿ ಎಂದರೆ ನಮಗೆ ದೂರವೇನಲ್ಲ. ಚಳ್ಳಕೆರೆ ದಾಟಿ ಬಸ್ಸಿನಲ್ಲಿ ಹೋದರೆ ಅರ್ಧ ದಿನವೂ ಬೇಡ. ಆಗ ಅದು ಮದ್ರಾಸ್ ಪ್ರಾಂತದಲ್ಲಿತ್ತು, ನಮ್ಮ ಚಿತ್ರದುರ್ಗ ಮೈಸೂರು ಸಂಸ್ಥಾನದಲ್ಲಿ. ಲಂಡನ್ನಿನಿಂದ ಹೊರಟ ಕಾಗದ ಆ ರಾತ್ರಿ ಒಂದು ಕನ್ನಡದ ಊರಿನಲ್ಲಿ ತಂಗಿತ್ತು ಎಂದು ನೆನೆದರೆ ಹೆಮ್ಮೆಯಾಗುತ್ತದೆ. ಮುಂದೆ ಈ ದಾರಿ ಹೈದರಾಬಾದ್ ಮೂಲಕ ತಿರುಗಿತು. ಬಳ್ಳಾರಿಯ ಹೆಸರು ಮಾತ್ರ ಮೊದಲ ಪುಟದಲ್ಲಿ ಉಳಿಯಿತು.

ವಾರಕ್ಕೊಂದು ಸಲ ಹಾರಾಟ, ಎರಡು ವಿಮಾನ, ಕೈಬೆರಳಿನಲ್ಲಿ ಎಣಿಸುವಷ್ಟು ಕೆಲಸಗಾರರು. ಮಳೆಗಾಲದಲ್ಲಿ ಜುಹು ಮೈದಾನಕ್ಕೆ ನೀರು ನುಗ್ಗಿದರೆ ಗಂಟುಮೂಟೆ ಕಟ್ಟಿಕೊಂಡು ಪುಣೆಗೆ ಹೋಗುವುದು. ಮೊದಲ ವರ್ಷ ಟಪಾಲಿನ ಜತೆ ಪಯಣಿಸಿದವರು ಬರೀ 155 ಜನ. ಇಂದು ಹಬ್ಬದ ಹಿಂದಿನ ದಿನ ಹಿರಿಯೂರು ಬಸ್ ನಿಲ್ದಾಣದಲ್ಲಿ ಒಂದೇ ಬಸ್ಸಿಗೆ ಅಷ್ಟು ಜನ ನುಗ್ಗುತ್ತಾರೆ. ವಿನ್ಸೆಂಟ್ ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಇಂಗ್ಲೆಂಡಿನಿಂದ ಹೊರಟ ವಿಮಾನದಲ್ಲೇ ಕಣ್ಮರೆಯಾದರು. ಯೋಜನೆ ತಂದವರ ಹೆಸರು ಈಗ ಯಾರ ಬಾಯಲ್ಲೂ ಇಲ್ಲ. ಅದಕ್ಕೇ ಎರಡು ಸಲ ಬರೆದಿದ್ದೇನೆ.

1946ರಲ್ಲಿ ಆ ಸಂಸ್ಥೆಗೆ ಏರ್ ಇಂಡಿಯಾ ಎಂದು ಹೆಸರಾಯಿತು. 1948ರ ಜೂನ್ 8ರಂದು ಮಲಬಾರ್ ಪ್ರಿನ್ಸೆಸ್ ಎಂಬ ವಿಮಾನ ಮುಂಬೈನಿಂದ ಕೈರೋ, ಜಿನೀವಾ ಮೂಲಕ ಲಂಡನ್ನಿಗೆ ಹೋಯಿತು. ಸ್ವಾತಂತ್ರ್ಯ ಬಂದು ವರ್ಷ ತುಂಬುವ ಮೊದಲೇ ನಮ್ಮ ದೇಶದ ವಿಮಾನ ಹೊರದೇಶಕ್ಕೆ ಹಾರಿತ್ತು. ಅದೇ ವಿಮಾನ 1950ರ ನವೆಂಬರ್ 3ರಂದು ಆಲ್ಪ್ಸ್ ಪರ್ವತದ ಮೋಂ ಬ್ಲಾಂ ಶಿಖರಕ್ಕೆ ಬಡಿಯಿತು. ಸತ್ತವರು 48 ಜನ. ಹೆಚ್ಚಿನವರು ಹಡಗಿನ ಕೆಲಸಕ್ಕೆ ಸೇರಲು ಹೊರಟಿದ್ದ ಬಡ ನಾವಿಕರು. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ಮಂಗಳೂರಿನಲ್ಲಿ ಅಪಘಾತಕ್ಕೀಡಾಗಿ 158 ಜನ ಹೋದರು. ದುಡಿಯಲು ಹೋದವರು, ಮನೆಗೆ ಮರಳುತ್ತಿದ್ದವರು ಅದರಲ್ಲಿದ್ದರು. ಅಂದಿನಿಂದ ಅಬ್ಬಾ ವಿಮಾನ ಹತ್ತಿದರೆ ಇಳಿದೆ ಎಂದು ಫೋನ್ ಬರುವವರೆಗೆ ದಾದಿ ಜಾನಮಾಜಿನಿಂದ ಏಳುವುದಿಲ್ಲ.

ಜೆ.ಆರ್.ಡಿ. ಹೇಳಿದ್ದೆಲ್ಲ ಸರಿ ಎಂದೇನಿಲ್ಲ. 1949ರಲ್ಲಿ ಸಂಪರ್ಕ ಸಚಿವರಾಗಿದ್ದ ರಫೀ ಅಹ್ಮದ್ ಕಿದ್ವಾಯಿ ರಾತ್ರಿ ಅಂಚೆ ವಿಮಾನ ಶುರು ಮಾಡಿಸಿದರು. ದೆಹಲಿ, ಮುಂಬೈ, ಕಲ್ಕತ್ತಾ, ಮದ್ರಾಸಿನಿಂದ ಹೊರಟ ವಿಮಾನಗಳು ನಡುರಾತ್ರಿ ನಾಗಪುರದಲ್ಲಿ ಸೇರಿ, ಚೀಲ ಬದಲಾಯಿಸಿಕೊಂಡು ಬೆಳಗಾಗುವುದರೊಳಗೆ ವಾಪಸಾಗುತ್ತಿದ್ದವು. ರಾತ್ರಿ ಹಾರಾಟಕ್ಕೆ ಬೇಕಾದ ಸೌಕರ್ಯ ಇಲ್ಲದೆ ಇದು ಅಪಾಯ ಎಂದು ಜೆ.ಆರ್.ಡಿ. ಗಟ್ಟಿಯಾಗಿ ವಿರೋಧಿಸಿದರು. ಕಿದ್ವಾಯಿ ಬಿಡಲಿಲ್ಲ. ಅದೇ ವರ್ಷ ಏಪ್ರಿಲ್ 1ರಿಂದ ಸಾಮಾನ್ಯ ಕಾಗದಗಳೂ ಹೆಚ್ಚುವರಿ ದರವಿಲ್ಲದೆ ವಿಮಾನ ಏರಿದವು. ಸುರಕ್ಷತೆಯ ಮಾತಿನಲ್ಲಿ ಜೆ.ಆರ್.ಡಿ. ಸರಿ ಇದ್ದಿರಬಹುದು. ಬಡವರ ಕಾಗದಕ್ಕೂ ರೆಕ್ಕೆ ಬೇಕು ಎಂದ ಕಿದ್ವಾಯಿ ಪಕ್ಷವೇ ನನ್ನದು.

1953ರಲ್ಲಿ ಸರ್ಕಾರ ವಿಮಾನ ಸಂಸ್ಥೆಗಳನ್ನು ರಾಷ್ಟ್ರೀಕರಣ ಮಾಡಿತು. ಅವರಿಗೆ ಅದು ಒಪ್ಪಿಗೆ ಇರಲಿಲ್ಲ. ಆದರೂ ಹೊರದೇಶಗಳಿಗೆ ಹಾರುವ ವಿಭಾಗದ ಅಧ್ಯಕ್ಷತೆ ವಹಿಸಿಕೊಂಡು 1978ರವರೆಗೆ ಇಪ್ಪತ್ತೈದು ವರ್ಷ ಸಂಬಳವಿಲ್ಲದೆ ದುಡಿದರು. ಪ್ರಯಾಣ ಮಾಡುವಾಗೆಲ್ಲ ಪುಸ್ತಕ ಹಿಡಿದು ಬರೆದುಕೊಳ್ಳುತ್ತಿದ್ದರಂತೆ. ಪರದೆಯ ಬಣ್ಣ, ಗಗನಸಖಿಯರ ತಲೆಗೂದಲು, ಶೌಚಾಲಯದ ಸ್ವಚ್ಛತೆ, ಟೀ ಯಾವುದು ಕಾಫಿ ಯಾವುದು ಗೊತ್ತಾಗದ ರುಚಿ, ಎಲ್ಲದರ ಮೇಲೂ ಟಿಪ್ಪಣಿ. ಗಲೀಜಾದ ಕೌಂಟರ್ ಕಂಡರೆ ತಾವೇ ಬಟ್ಟೆ ಹಿಡಿದು ಒರೆಸಿದ ಕಥೆಯೂ ಇದೆ. ನಮ್ಮ ಲ್ಯಾಬ್ ಅಟೆಂಡರ್ ಅಂಕಲ್‌ಗೆ ಇದನ್ನು ಹೇಳಿದ್ದೆ, ಅವರಿಗೆ ತುಂಬಾ ಹಿಡಿಸಿತು. 1978ರಲ್ಲಿ ಆಗಿನ ಸರ್ಕಾರ ಅವರನ್ನು ಆ ಹುದ್ದೆಯಿಂದ ಕೈಬಿಟ್ಟಿತು. 2022ರ ಜನವರಿಯಲ್ಲಿ ಏರ್ ಇಂಡಿಯಾ ಮತ್ತೆ ಟಾಟಾ ಸಂಸ್ಥೆಗೆ ಬಂತು, ನೋಡಲು ಅವರಿರಲಿಲ್ಲ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ 1988ರಲ್ಲಿ ಹುಟ್ಟಿದ್ದು ಅವರ ಕನಸಿನಿಂದಲೇ.

ಇಷ್ಟು ಓದಿದ ಮೇಲೆ ಮತ್ತೆ ಆ ತಗಡಿನ ಪೆಟ್ಟಿಗೆ ತೆಗೆದೆ. ಅದರಲ್ಲಿ ಒಂದೇ ಒಂದು ಕಾಗದ ಇಲ್ಲಿಂದ ಅಲ್ಲಿಗೆ ಹೋದದ್ದು. 1986ರಲ್ಲಿ ದಾದಾ ಅವರ ತಂದೆ ತೀರಿಕೊಂಡ ಸುದ್ದಿ ಅದು. ಕೊಟ್ಟ ತಂತಿ ಮರುಭೂಮಿಯ ಕ್ಯಾಂಪಿಗೆ ಮುಟ್ಟಲೇ ಇಲ್ಲ. ಕಾಗದ ಕೈಸೇರಿದ್ದು ಹದಿನೇಳನೇ ದಿನ. ಸಮುದ್ರವನ್ನು ಗಂಟೆಗಳಲ್ಲಿ ದಾಟಿದ್ದ ಆ ಕಾಗದ ಮಿಕ್ಕ ದಿನಗಳನ್ನು ನೆಲದ ಮೇಲೆ ಕಳೆದಿತ್ತು. ದಾದಾ ತಮ್ಮ ತಂದೆಯ ಮಣ್ಣಿಗೆ ಬರಲಾಗಲಿಲ್ಲ. ಆ ಕಾಗದವನ್ನು ಅಲ್ಲಿ ಬಿಸಾಡದೆ ಊರಿಗೆ ತಂದು, ತಾವು ಬರೆದವುಗಳ ಕೆಳಗೆ ಇಟ್ಟಿದ್ದರು.

ಕಳೆದ ವರ್ಷ ದಾದಾ ಹೋದರು. ಇಶಾ ನಮಾಜಿನ ಹೊತ್ತು. ಅಬ್ಬಾ ಇರುವುದು ದಮ್ಮಾಮಿನಲ್ಲಿ, ಎಸಿ ರಿಪೇರಿ ಕೆಲಸ. ಫೋನ್ ಮಾಡಿದ ಕೂಡಲೇ ಅವರ ಜತೆಯವರು ಚಂದಾ ಎತ್ತಿ ಟಿಕೆಟ್ ತೆಗೆದರು. ಮಣ್ಣು ತಡ ಮಾಡಬಾರದು ಎಂದು ಕೆಲವರು, ಮಗ ಬರಲಿ ಎಂದು ಕೆಲವರು. ದಾದಿ ಒಂದೇ ಮಾತಿನಲ್ಲಿ ಅಸರ್‌ವರೆಗೆ ಕಾಯಿರಿ ಎಂದುಬಿಟ್ಟರು. ಅಬ್ಬಾ ದೇವನಹಳ್ಳಿಯಲ್ಲಿ ಇಳಿದು, ಹೆದ್ದಾರಿ ಹಿಡಿದು, ಮೂರು ಗಂಟೆಗೆ ಮನೆಯ ಬಾಗಿಲಲ್ಲಿದ್ದರು. ದಾದಾನ ಮುಖ ನೋಡಿದರು, ಜನಾಜಾಕ್ಕೆ ಹೆಗಲು ಕೊಟ್ಟರು. ಅಂದು ಅವರ ಅಂಗಿಯ ಜೇಬಿನಲ್ಲಿ ಬೋರ್ಡಿಂಗ್ ಪಾಸ್ ಹಾಗೇ ಇತ್ತು. ಅದನ್ನೂ ದಾದಿ ಪೆಟ್ಟಿಗೆಗೆ ಹಾಕಿದ್ದಾರೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ನಾವು ಬರುವ ಈ ನಾಲ್ಕು ಊರುಗಳಲ್ಲಿ ಎಲ್ಲಿಯೂ ವಿಮಾನ ನಿಲ್ದಾಣವಿಲ್ಲ. 2023ರಲ್ಲಿ ಶಿವಮೊಗ್ಗದಲ್ಲಿ ಶುರುವಾದದ್ದು ಹೊಳಲ್ಕೆರೆಯವರಿಗೆ ಹತ್ತಿರ. ಆದರೂ ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳ ಮೇಲೆ ಸಂಜೆ ಬಿಳಿ ಗೆರೆ ಎಳೆದುಕೊಂಡು ಹೋಗುವ ವಿಮಾನ ಕಂಡರೆ, ಅದರಲ್ಲಿ ಯಾರದೋ ಅಬ್ಬಾ ಇರಬಹುದು ಎಂದು ತರಗತಿಯಲ್ಲಿ ಒಬ್ಬರಾದರೂ ಹೇಳುತ್ತಾರೆ.

ಜೆ.ಆರ್.ಡಿ. 1982ರ ಅಕ್ಟೋಬರ್ 15ರಂದು, ಐವತ್ತು ವರ್ಷ ತುಂಬಿದ ದಿನ, ಲೆಪರ್ಡ್ ಮಾತ್ ಎಂಬ ಹಳೆಯ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಮುಂಬೈಗೆ ಮತ್ತೆ ಹಾರಿ ಬಂದರು. ಆಗ ಅವರಿಗೆ 78 ವರ್ಷ. ಮೊದಲ ಹಾರಾಟದ ಕರಾಚಿ ಆ ಹೊತ್ತಿಗೆ ಬೇರೆ ದೇಶದ ಊರಾಗಿತ್ತು. 1992ರಲ್ಲಿ ಭಾರತ ರತ್ನ ಬಂತು. 1993ರ ನವೆಂಬರ್ 29ರಂದು ಜಿನೀವಾದಲ್ಲಿ ತೀರಿಕೊಂಡರು. ಸಮಾಧಿ ಇರುವುದು ಹುಟ್ಟಿದ ಊರಾದ ಪ್ಯಾರಿಸ್ಸಿನಲ್ಲಿ.

ಬರೆದು ಮುಗಿಸಿದ ರಾತ್ರಿ ದಾದಿಗೆ ಇದನ್ನೆಲ್ಲ ಉರ್ದುವಿನಲ್ಲಿ ಹೇಳಿದೆ. ಗೋಡೆಪತ್ರಿಕೆಗೆ ಅಂಟಿಸಲು ಒಂದು ಕವರ್ ಕೊಡಲು ಒಪ್ಪಿದರು, ಖಾಲಿ ಕವರ್ ಮಾತ್ರ, ಒಳಗಿನ ಕಾಗದ ಇಲ್ಲ. ಬಳ್ಳಾರಿ, ಲಂಡನ್, ಭಾರತ ರತ್ನ ಎಲ್ಲವನ್ನೂ ಸುಮ್ಮನೆ ಕೇಳಿಸಿಕೊಂಡರು. ಕೊನೆಗೆ ಅವರು ಕೇಳಿದ್ದು ಒಂದೇ, ಆ ಹುಡುಗ ಪ್ಲಗ್ ವಾಪಸ್ ಕೊಟ್ಟನಾ ಎಂದು.